ಗೌರಿ ಮತ್ತು ಆನೆ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿ, ಹುಣಸೆಬೀಜದ ಅಂಟಿನಿಂದ ಬಟ್ಟೆಯ ಚಿಂದಿ ಮೆತ್ತಿ, ಢಾಳಾದ ಕೆಂಪು, ಹಳದಿ, ಹಸಿರು ಬಳಿಯುತ್ತಾರೆ. ಅದೇ ಕೈ ಗೌರಿಯನ್ನೂ ಮಾಡುತ್ತದೆ, ಆನೆ-ಗಿಳಿಗಳನ್ನೂ ಮಾಡುತ್ತದೆ. ಗೌರಿಗೆ ಅರಿಸಿನ ಕುಂಕುಮ; ಆನೆಯ ಕೊರಳಿಗೆ ಮಗು ಕಟ್ಟಿದ ದಾರ.

ಈಗ ಆನೆಯೂ ಷೋಕೇಸು ಸೇರಿದೆ. ಮಗು ಕೈಚಾಚಿದರೆ "ಮುಟ್ಟಬೇಡ, ಮುರಿದೀತು" ಎನ್ನುತ್ತೇವೆ. ಮಣ್ಣಿನ ಗಣಪನನ್ನು ನಾವಾಗಿಯೇ ನೀರಿಗೆ ಬಿಟ್ಟು ಬರುವ ನಮಗೆ ಮರದ ಆನೆಯ ಸೊಂಡಿಲಿನ ಮೇಲೆ ಇಷ್ಟೇಕೆ ಮೋಹ? ಆಡಲೆಂದು ಹುಟ್ಟಿದ್ದನ್ನು ಆಟದಿಂದ ಕಾಯುವುದು ಗೌರವವೆ, ಇಲ್ಲ ಬರೀ ಒಡೆತನವೆ?

ಷೋಕೇಸನ್ನು ಬೈಯುವುದು ಸುಲಭ, ನಿಜ. ಆದರೆ ಮಗುವಿಗೆ ಪ್ಲಾಸ್ಟಿಕ್ಕು ಸಾಕೆನ್ನುವ ನಾವು ಅಲಂಕಾರಕ್ಕಾದರೆ ನೂರಾರು ರೂಪಾಯಿ ಬಿಚ್ಚುತ್ತೇವೆ. ಚಿತ್ರಗಾರರ ಒಲೆ ಉರಿಯಲು ಆ ದುಡ್ಡೂ ಬೇಕು. ಅದಕ್ಕೇ ನನ್ನದು ಎರಡು ಆನೆಗಳ ಲೆಕ್ಕ: ಒಂದು ಗಾಜಿನೊಳಗೆ, ಒಂದು ಮೊಮ್ಮಗಳ ಕೈಗೆ. ಎರಡನೆಯದರ ಒಂದು ಕಿವಿ ಈಗಾಗಲೇ ಇಲ್ಲ.