ಗಿಣಿ ಸಾಕಿದ ಹಾಗೆ

ಮದ್ದೂರಿನ ಹತ್ತಿರ, ಶಿಂಷೆಯ ದಡದ ವೈದ್ಯನಾಥಪುರದಲ್ಲಿ ನನ್ನ ಚಿಕ್ಕಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ವೈದ್ಯನಾಥೇಶ್ವರನ ಗುಡಿಯಲ್ಲೇ ಮಾತುಕತೆ. ಹುಡುಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗಬಹುದೇ ಎಂದು ನಾನೇ ಕೇಳಿದೆ. ಗಂಡಿನ ತಾಯಿ ನಕ್ಕು, "ಯಾಕವ್ವ, ನಮ್ಮನೇಲಿ ಏನ್ ಕಮ್ಮಿ? ಗಿಣಿ ಸಾಕ್ದಂಗೆ ಸಾಕ್ತೀವಿ ಕನವ್ವ" ಎಂದರು. ಚಿಕ್ಕಮ್ಮನ ಕಣ್ಣು ತುಂಬಿತು. ನನಗೆ ಮಾತ್ರ ಆ ಹೊತ್ತಿನಲ್ಲಿ ನೆನೆಯಬಾರದ ಖಂಡೇರಾಯ ನೆನಪಾದ.

ಖಂಡೇರಾಯ ಹೈದರಾಲಿಯ ನಂಬಿಕೆಯ ಲೆಕ್ಕಪತ್ರದವನು. ಹೈದರ್ ಆಗಿನ್ನೂ ಮೈಸೂರು ಅರಸರ ದಳಪತಿ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಕಣ್ಣಿಗೆ ಬಿದ್ದು ಮೇಲೇರಿದವನು. 1760ರಲ್ಲಿ ಖಂಡೇರಾಯ ಅರಮನೆಯ ಕಡೆ ಸೇರಿ ತಿರುಗಿಬಿದ್ದ. ಹೈದರ್ ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಕಾವೇರಿ ದಾಟಿ ಓಡಬೇಕಾಯಿತು. ಮರುವರ್ಷ ಗೆದ್ದು ಬಂದ. ಖಂಡೇರಾಯನಿಗೆ ಕೇಡು ಮಾಡಬೇಡವೆಂದು ಅರಮನೆಯ ಹೆಂಗಸರು ಬೇಡಿಕೊಂಡರಂತೆ. ಕೊಲ್ಲುವುದಿಲ್ಲ, ಗಿಣಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟ. ಕಬ್ಬಿಣದ ಪಂಜರ ಮಾಡಿಸಿ, ಅದರೊಳಗೆ ಕೂರಿಸಿ, ಸಾಯುವವರೆಗೂ ಹಾಲು ಅನ್ನ ಹಾಕಿದ. ಕೊಟ್ಟ ಮಾತಿಗೆ ಎಲ್ಲೂ ತಪ್ಪಲಿಲ್ಲ ನೋಡಿ!

ಇದನ್ನು ಬರೆದಿಟ್ಟವನು ಇಂಗ್ಲಿಷ್ ಸೇನಾಧಿಕಾರಿ ವಿಲ್ಕ್ಸ್. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ತಮ್ಮವರಿಂದ ಸಂಧಿ ಬರೆಸಿಕೊಂಡವನ ಬಗ್ಗೆ ಅವರು ಮೆತ್ತಗೆ ಬರೆದಾರೆಯೇ? ಒಪ್ಪುತ್ತೇನೆ. ಆದರೆ ಅದೇ ವಿಲ್ಕ್ಸ್ ಇನ್ನೊಂದನ್ನೂ ಹೇಳುತ್ತಾನೆ. ತಂದೆ ಯುದ್ಧದಲ್ಲಿ ಸತ್ತಾಗ ಹೈದರ್ ಎಳೆಯ ಹುಡುಗ. ಹಣ ಕಕ್ಕಿಸಲು ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್ ಅವನನ್ನೂ ಅಣ್ಣನನ್ನೂ ನಗಾರಿಯೊಳಗೆ ತುಂಬಿ, ಚರ್ಮ ಬಿಗಿಸಿ ಹಿಂಸೆ ಕೊಟ್ಟನಂತೆ. ವೈರಿಯ ಮೇಲೆ ಕನಿಕರ ಬರುವಂಥ ಈ ಮಾತನ್ನು ವಿಲ್ಕ್ಸ್ ಮುಚ್ಚಿಡಲಿಲ್ಲ.

ಕತ್ತಲೆಯ ನಗಾರಿಯಲ್ಲಿ ಉಸಿರುಗಟ್ಟಿದವನಿಗೆ ಪಂಜರ ಮಾಡಿಸಲು ಕೈ ಹೇಗೆ ಬಂತು? ಓದು ಬರಹ ಬಾರದೆ ರಾಜ್ಯ ಕಟ್ಟಿದವನೆಂದು ಮೆಚ್ಚುವಾಗಲೂ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಪಟ್ಟ ಕಷ್ಟ ಮನಸ್ಸನ್ನು ಮೆದುಗೊಳಿಸುತ್ತದೆ ಎನ್ನುತ್ತಾರೆ. ಎಷ್ಟು ಅತ್ತೆಯರ ವಿಷಯದಲ್ಲಿ ಅದು ನಿಜವಾಗಿದೆ, ನೀವೇ ಹೇಳಿ. ಗಂಡಿನ ತಾಯಿಯೂ ಹದಿನಾರಕ್ಕೆ ಓದು ಬಿಟ್ಟು ಆ ಮನೆ ಸೇರಿದವರಂತೆ. ಅದನ್ನು ಅವರೇ ಹೆಮ್ಮೆಯಿಂದ ಹೇಳಿದರು. ಅವರು ಸುಳ್ಳಾಡಿದರೆಂದು ನನಗೆ ಅನ್ನಿಸಲಿಲ್ಲ. ಹಾಲು ಅನ್ನಕ್ಕೆ ಖಂಡಿತ ಕೊರತೆಯಿರಲಾರದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದೆ. ಚಿಕ್ಕಮ್ಮ ಸಿಟ್ಟಾದರು.

"ಒಳ್ಳೆ ಕಾರ್ಯಕ್ಕೆ ಹೋಗಿ ಬರೋವಾಗ ಇದೇನೇ ಅಪಶಕುನ? ಬೆನ್ನಿಗೆ ಚೂರಿ ಹಾಕ್ದೋನಿಗೆ ಹಾಲು ಅನ್ನ ಹಾಕ್ದನಲ್ಲ, ಇನ್ನೇನ್ ಬೇಕಿತ್ತಂತೆ?"

ಹುಡುಗಿ ಕಿಟಕಿಯಿಂದ ತಿರುಗಿ, "ಅಮ್ಮ, ಖಂಡೇರಾಯ ತಪ್ಪು ಮಾಡಿದ್ದ. ನಾನೇನು ಮಾಡಿದೀನಿ?" ಎಂದಳು.