ಕೆಟ್ಟಿದ್ದು ಯಾವುದು, ಕೆಡಿಸಿದ್ದು ಯಾವುದು?

ಡೀಸೆಲ್ ಕಾರಿನ ಟರ್ಬೋ ಹೋದರೆ ಸಾವಿರಗಟ್ಟಲೆ ಖರ್ಚು ಮಾಡಿ ಹೊಸದನ್ನು ಕೂರಿಸುತ್ತೇವೆ. ಅದಕ್ಕೆ ಎಣ್ಣೆ ತಲುಪಿಸುವ ಸಣ್ಣ ಪೈಪು ಮಾತ್ರ ಹಳೆಯದೇ ಉಳಿಯುತ್ತದೆ. ಸ್ವಲ್ಪ ದಿನಕ್ಕೆ ಹೊಸ ಟರ್ಬೋ ಕೂಡ ಸಿಳ್ಳೆ ಹಾಕತೊಡಗುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಕೈ ಪಳಗಿದವರು ಇದನ್ನು ಮೊದಲೇ ಹೇಳುತ್ತಾರೆ: “ಪೈಪ್ ಕಟ್ಟೇತ್ರೀ. ಅದನ್ನ ಬಿಟ್ಟು ಟರ್ಬೋ ಹಾಕಿದ್ರ ಇದೂ ಉಳಿಯಂಗಿಲ್ಲ.” ಹಲವರು ಈ ಮಾತನ್ನು ಬಿಲ್ಲು ಹೆಚ್ಚಿಸುವ ನೆಪವೆಂದೇ ತಿಳಿಯುತ್ತಾರೆ.

ಟರ್ಬೋದೊಳಗಿನ ಶಾಫ್ಟು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಅದು ಬೇರಿಂಗಿಗೆ ತಾಕದೆ ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಬಂದು, ಚಹಾಕ್ಕೆಂದು ಥಟ್ಟನೆ ಎಂಜಿನ್ ಬಂದ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೋದ ಕಾವು ನಿಲ್ಲುವುದಿಲ್ಲ. ನಿಂತ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ. ಹಾಗೆ ಕಟ್ಟಿದ ಪೈಪನ್ನು ಕೊಯ್ದು ನೋಡಿದರೆ ಒಳಗೋಡೆಗೆ ಕರಿ ಹಕ್ಕಳೆ ಅಂಟಿರುತ್ತದೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ತೊಳೆದು ಮತ್ತೆ ಹಾಕಿದರೆ ಅದರ ಚೂರು ಬಿಟ್ಟುಕೊಂಡು ನೇರ ಹೊಸ ಬೇರಿಂಗಿಗೇ ಹೋಗುತ್ತದೆ.

ಈ ಕಾವಿನ ಲೆಕ್ಕವನ್ನು ನಮ್ಮೂರಿನ ರೈಲುಗಳು ಚೆನ್ನಾಗಿ ಇಟ್ಟಿವೆ. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ನೆಲೆ ಕಂಡ ಡಬ್ಲ್ಯುಡಿಜಿ-4 ಎಂಜಿನ್‌ನದು 16 ಸಿಲಿಂಡರ್, 4000 ಅಶ್ವಶಕ್ತಿ. ಅದರ ಟರ್ಬೋಗೆಂದೇ ಪ್ರತ್ಯೇಕ ವಿದ್ಯುತ್ ಪಂಪು ಇದೆ. ಎಂಜಿನ್ ಶುರುವಾಗುವ ಮುನ್ನವೇ ಅದು ಬೇರಿಂಗಿಗೆ ಎಣ್ಣೆ ಉಣಿಸುತ್ತದೆ. ಎಂಜಿನ್ ನಿಂತ ಮೇಲೂ ಅರ್ಧ ಗಂಟೆಯಷ್ಟು ಹೊತ್ತು ಎಣ್ಣೆ ಹರಿಸಿ ಕಾವು ಇಳಿಸುತ್ತದೆ. ಕಾರಿಗೆ ಆ ಭಾಗ್ಯವಿಲ್ಲ. ಆದ್ದರಿಂದ ನಾವೇ ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಡಬೇಕು, ಪೈಪನ್ನೂ ನೋಡಿ ಆರಿಸಬೇಕು.

ಆರಿಸುವಾಗ ಎರಡು ಪೈಪುಗಳ ಸ್ವಭಾವ ಬೇರೆ ಎಂಬುದು ನೆನಪಿರಲಿ. ಎಣ್ಣೆ ತರುವುದು ಸಣ್ಣದು, ಅದರೊಳಗೆ ಒತ್ತಡ ಹೆಚ್ಚು. ನಮ್ಮ ಎಂಜಿನ್ನಿಗೆಂದೇ ಮಾಡಿದ ಲೋಹದ ಪೈಪೇ ಇದಕ್ಕೆ ಸರಿ. ತಂತಿ ಹೆಣೆದದ್ದು ಬೇಕೆಂದರೆ ಒಳಪದರ ಟೆಫ್ಲಾನಿನದೇ ಆಗಿರಬೇಕು. ಮರಳಿ ಒಯ್ಯುವುದು ದಪ್ಪನೆಯದು, ಅದರಲ್ಲಿ ಒತ್ತಡವೇ ಇಲ್ಲ. ನೊರೆಯಾದ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಲ್ಲಿ ಪೈಪು ಎಲ್ಲೂ ಮಡಚಿರಬಾರದು, ಜೋತು ಬೀಳಬಾರದು. ರೇಡಿಯೇಟರ್ ಹೋಸಿನ ತುಂಡು ನೋಡಲು ಹೊಂದಿದರೂ ಬಿಸಿ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಈ ದಾರಿ ಕಟ್ಟಿದರೆ ಎಣ್ಣೆ ಹಿಂದೆ ನಿಂತು ಸೀಲಿನಿಂದ ಸೋರುತ್ತದೆ, ನಾವು ಟರ್ಬೋವನ್ನು ದೂರುತ್ತೇವೆ. ತಾಮ್ರದ ವಾಷರುಗಳೂ ಹೊಸವೇ ಇರಲಿ. ಜೋಡಣೆಗೆ ಸಿಲಿಕೋನ್ ಪೇಸ್ಟ್ ಬೇಡವೇ ಬೇಡ. ಒಳಕ್ಕೆ ಹಿಂಡಿದ ಎಳೆಯೊಂದೇ ಎಣ್ಣೆಯ ರಂಧ್ರ ಮುಚ್ಚಲು ಸಾಕು.

ಕೆಟ್ಟಿದ್ದು ಕಣ್ಣಿಗೆ ಬೀಳುತ್ತದೆ, ಕೆಡಿಸಿದ್ದು ಬೀಳುವುದಿಲ್ಲ. ಹೊಲದ ಮೋಟರು ಸುಟ್ಟಾಗ ರಿವೈಂಡಿಂಗ್ ಮಾಡಿಸಿ ತರುತ್ತೇವೆ. ಒಂದು ಫೇಸನ್ನೇ ತಪ್ಪಿಸುತ್ತಿದ್ದ ಸಡಿಲ ಫ್ಯೂಸು ಹಾಗೇ ಇರುತ್ತದೆ. ಹೊಸದು ಕೊಂಡ ಸಮಾಧಾನದಲ್ಲಿ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ದುಡ್ಡು ಎರಡು ಸಲ ಹೋಗುವುದು ಹೀಗೆ. ಬೇನೆಯ ಮೂಲ ಹುಡುಕುವ ಮೇಸ್ತ್ರಿಯ ವಿವೇಕಕ್ಕೂ ಬೆಲೆ ಸಿಗದೆ ಹೋಗುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೋದಾಗ “ಎಷ್ಟಾಗುತ್ತದೆ” ಎನ್ನುವ ಮೊದಲು “ಯಾಕೆ ಹೋಯಿತು” ಎಂದು ಕೇಳೋಣ. ಹಳೆಯ ಪೈಪನ್ನು ಬಿಚ್ಚಿಸಿ ತೋರಿಸಲು ಹೇಳೋಣ. ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಳ್ಳುವ ಮೇಸ್ತ್ರಿಗೆ ಆ ಹೊತ್ತು ಕೊಡೋಣ, ಅದರ ಕೂಲಿಯನ್ನೂ ಸಂತೋಷದಿಂದ ಕೊಡೋಣ. ಒಂದೇ ರಿಪೇರಿಗೆ ಎರಡು ಸಲ ತೆರುವುದಕ್ಕಿಂತ ಅದು ಯಾವತ್ತೂ ಅಗ್ಗ.