ಪಾಠಶಾಲೆಯ ತೀರ್ಪೂ ದೇವರ ಕರೆಯೂ

ಪರೀಕ್ಷೆಯ ಫಲವು ತಿಳಿದುಬರುವ ದಿನ ನಮ್ಮ ಸಭೆಗಳ ಕೆಲವು ಮನೆಗಳಲ್ಲಿ ಹಬ್ಬದ ಊಟವೂ ಕೆಲವು ಮನೆಗಳಲ್ಲಿ ಅಳುವೂ ಇರುವವು. ತಪ್ಪಿದ ಮಗನನ್ನು ತಂದೆಯು, "ನೀನು ಯಾತಕ್ಕೂ ಬಾರದವನು" ಎಂದು ಬೈಯುವನು. ಹುಡುಗನಾದರೋ ಅದು ದೇವರೇ ನುಡಿದ ಮಾತೆಂದು ನಂಬಿಬಿಡುವನು. ಪ್ರಿಯ ವಾಚಕರೇ, ಪುಸ್ತಕದ ಪಾಠದಲ್ಲಿ ಸೋತವನಿಗೆ ಈ ಲೋಕದಲ್ಲಿ ನೇಮಕವಾದ ಕೆಲಸವೇ ಇಲ್ಲವೆಂದು ಹೇಳುವ ಅಧಿಕಾರವು ಪಾಠಶಾಲೆಗೆ ಉಂಟೋ? ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಬರೀ ವಾದಕ್ಕಿಂತ ಒಬ್ಬ ಹೆಣ್ಣುಮಗಳ ಚರಿತ್ರೆಯು ಇಲ್ಲಿ ಹೆಚ್ಚು ಬೆಳಕು ಕೊಡುವದು. ಗ್ಲಾಡಿಸ್ ಐಲ್ವರ್ಡ್ ಎಂಬಾಕೆಯು 1902ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಉತ್ತರದಲ್ಲಿರುವ ಎಡ್ಮಂಟನ್ ಎಂಬಲ್ಲಿ ಟಪ್ಪಾಲಿನವನೊಬ್ಬನ ಮಗಳಾಗಿ ಹುಟ್ಟಿದಳು. 14ನೆಯ ವರುಷದಲ್ಲಿ ಪಾಠಶಾಲೆಯನ್ನು ಬಿಟ್ಟು, ಅಂಗಡಿಯಲ್ಲಿ ದುಡಿದು, ತರುವಾಯ ಧನಿಕರ ಮನೆಗಳಲ್ಲಿ ಕೆಲಸದವಳಾದಳು. ಚೀನಾ ದೇಶಕ್ಕೆ ಸುವಾರ್ತೆಯನ್ನು ಒಯ್ಯಬೇಕೆಂಬ ಆಶೆಯು ಆಕೆಯಲ್ಲಿ ಹುಟ್ಟಿತು. ಚೀನಾ ಇನ್‌ಲ್ಯಾಂಡ್ ಮಿಶನ್‌ನವರು ಆಕೆಯನ್ನು ಮೂರು ತಿಂಗಳು ತಮ್ಮ ಶಿಕ್ಷಣಶಾಲೆಯಲ್ಲಿಟ್ಟು ನೋಡಿದರು. ವೇದಶಾಸ್ತ್ರದ ಪಾಠವು ಆಕೆಯ ತಲೆಗೆ ಹತ್ತಲಿಲ್ಲ. ಇಂಥವಳು, ಅದೂ ಮೂವತ್ತರ ಹತ್ತಿರದ ಪ್ರಾಯದಲ್ಲಿ, ಚೀನೀ ಭಾಷೆಯಂಥ ಕಠಿಣವಾದ ಭಾಷೆಯನ್ನು ಕಲಿಯುವದು ಆಗದೆಂದು ತೀರ್ಮಾನಿಸಿ ಅವರು ಆಕೆಯನ್ನು ಹಿಂದಕ್ಕೆ ಕಳುಹಿಸಿದರು.

ಆ ಹಿರಿಯರನ್ನು ನಾವು ದೂಷಿಸಲಾರೆವು. ಅವರ ಕೈಯಲ್ಲಿದ್ದದ್ದು ಸಭೆಗಳು ಕೊಟ್ಟ ಕಾಣಿಕೆಯ ಹಣ. ಅದನ್ನು ನೋಡಿ ನೋಡಿ ವೆಚ್ಚಮಾಡಬೇಕಾಗಿತ್ತು. ತಮ್ಮಲ್ಲಿದ್ದ ಅಳತೆಗೋಲಿನಿಂದ ಅವರು ನೆಟ್ಟಗೆ ಅಳೆದರು. ಕೋಲು ಗಿಡ್ಡದ್ದಾಗಿತ್ತು, ಅಷ್ಟೇ.

ಗ್ಲಾಡಿಸಳು ತಿರಿಗಿ ಮನೆಗೆಲಸಕ್ಕೆ ಸೇರಿ, ಸಂಬಳದಲ್ಲಿ ಉಳಿಸಿ, ಸೈಬೀರಿಯದ ಮೂಲಕ ಹೋಗುವ ರೈಲಿನ ದರವನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಿದಳು. ಸಮುದ್ರ ಮಾರ್ಗಕ್ಕಿಂತ ಅದು ಅಗ್ಗ. 1932ರಲ್ಲಿ ಹೊರಟು, ಶಾನ್ಸಿ ಪ್ರಾಂತದ ಯಾಂಗ್‌ಚೆಂಗ್ ಎಂಬ ಬೆಟ್ಟದೂರಿಗೆ ಮುಟ್ಟಿದಳು. ಅಲ್ಲಿ ವೃದ್ಧೆಯಾದ ಲಾಸನ್ ಅಮ್ಮನವರು ತಮ್ಮ ಕೆಲಸವನ್ನು ಮುಂದರಿಸತಕ್ಕ ಚಿಕ್ಕ ಪ್ರಾಯದವಳೊಬ್ಬಳನ್ನು ಹುಡುಕುತ್ತಿದ್ದರು. ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ಬರುವವರಿಗೋಸ್ಕರ ಇಬ್ಬರೂ ಒಂದು ಛತ್ರವನ್ನು ತೆರೆದು, ರಾತ್ರಿ ಊಟವಾದ ಮೇಲೆ ಅವರಿಗೆ ಸತ್ಯವೇದದ ಕಥೆಗಳನ್ನು ಹೇಳುವ ಏರ್ಪಾಡು ಮಾಡಿದರು.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವು ದೊರೆಯುವದು. ಯಾವ ಭಾಷೆಯು ಆಕೆಗೆ ಬಾರದೆಂದು ಶಿಕ್ಷಣಶಾಲೆಯು ತೀರ್ಪು ಕೊಟ್ಟಿತ್ತೋ ಅದೇ ಭಾಷೆಯನ್ನು ಗ್ಲಾಡಿಸಳು ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ಕಿವಿಯಿಂದ ಕಲಿತು ಊರವರಂತೆಯೇ ಆಡುವವಳಾದಳು. ಹೆಣ್ಣುಮಕ್ಕಳ ಕಾಲುಗಳನ್ನು ಕಟ್ಟಿ ಕುಗ್ಗಿಸುವ ಕ್ರೂರ ಪದ್ಧತಿಯನ್ನು ನಿಲ್ಲಿಸಲಿಕ್ಕೆ ಅಲ್ಲಿಯ ಅಧಿಕಾರಿಯು ಈಕೆಯನ್ನೇ ಹಳ್ಳಿಹಳ್ಳಿಗೆ ಕಳುಹಿಸಿದನು. 1936ರಲ್ಲಿ ಆಕೆಯು ಚೀನಾ ದೇಶದ ಪ್ರಜೆಯಾದಳು. 1940ರಲ್ಲಿ, ಜಪಾನಿನ ಸೈನ್ಯವು ಮೇಲೆ ಬೀಳುತ್ತಿರಲು, ಸುಮಾರು ನೂರು ಮಂದಿ ಅನಾಥ ಮಕ್ಕಳನ್ನು ಬೆಟ್ಟಗಳನ್ನು ಹತ್ತಿಸಿ, ಹಳದಿ ನದಿಯನ್ನು ದಾಟಿಸಿ, ಸುರಕ್ಷಿತ ಸ್ಥಳಕ್ಕೆ ತಲಪಿಸಿದಳು.

ಆದದರಿಂದ ಕಲಿಯುವ ಶಕ್ತಿಯು ಒಂದೇ ವಿಧದ್ದಲ್ಲವೆಂದು ತಿಳಿಯುವೆವು. ಹಲಗೆಯ ಮೇಲೆ ಲೆಕ್ಕ ಬಾರದ ಕುರುಬರ ಹುಡುಗನು ಇನ್ನೂರು ಕುರಿಗಳಲ್ಲಿ ಒಂದು ತಪ್ಪಿದರೂ ಕೂಡಲೆ ಹೇಳುವನು. ಇವನನ್ನು ಮಂದಬುದ್ಧಿಯವನೆಂದು ಕರೆಯುವದು ಹ್ಯಾಗೆ? ಪರೀಕ್ಷೆಯು ಸುಳ್ಳಲ್ಲ. ಕೇಳಿದ್ದನ್ನು ಕೇಳಿದ ರೀತಿಯಲ್ಲಿ ಹೇಳಬಲ್ಲವನು ಯಾವನೆಂಬದನ್ನು ಅದು ತಿಳಿಸುವದು. ಅದಕ್ಕೆ ಮೀರಿದ್ದನ್ನು ಅದರಿಂದ ಕೇಳುವವರು ನಾವೇ.

ಆದರೂ ಪಾಠದಲ್ಲಿ ಸೋಮಾರಿಯಾದವನು, "ನನಗೆ ಬೇರೆ ಕರೆ ಇದೆ" ಎಂದು ಹೇಳಿ ತಪ್ಪಿಸಿಕೊಳ್ಳಬಾರದು. ಆಶೆಯು ಬೇರೆ, ಕರೆಯು ಬೇರೆ. ಆಶೆಪಡುವದಕ್ಕೆ ಖರ್ಚಿಲ್ಲ, ಗ್ಲಾಡಿಸಳಾದರೋ ಪರರ ಮನೆಯ ಕೆಲಸ ಮಾಡಿ ತನ್ನ ಕರೆಗೆ ಕ್ರಯವನ್ನು ತೆತ್ತಳು. ಹೊಗಳುವವರಿಲ್ಲದ ಕಾಲದಲ್ಲಿಯೂ ಒಂದು ಕೆಲಸವನ್ನು ಬಿಡಲಾರದೆ ಮಾಡುವವನಲ್ಲಿ ಕರೆಯ ಗುರುತು ಹೆಚ್ಚಾಗಿ ಕಾಣುವದು.

ನಮ್ಮಲ್ಲಿ ಇನ್ನೊಂದು ತಪ್ಪು ಎಣಿಕೆಯುಂಟು. ಬೋಧಕನೂ ಮಾಸ್ತರನೂ ಕರೆಹೊಂದಿದವರು. ಓದು ಹತ್ತದವನು ಬಡಗಿಯೋ ಗಾರೆಯವನೋ ಆದರೆ ಅವನು ಉಳಿದ ಚೂರು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಮಣ್ಣು ತುಳಿದು ಹಂಚು ಒತ್ತಿದವರನ್ನು ನಮ್ಮ ಸಭೆಗಳ ಚರಿತ್ರೆಯಲ್ಲಿ ಯಾರು ಹೆಸರಿಸುತ್ತಾರೆ? ಅವರ ಹಂಚುಗಳು ಎಷ್ಟೋ ಮನೆಗಳನ್ನು ಮಳೆಯಿಂದ ಕಾದವು. ಕಾಲಿಗೆ ಕಣ್ಣು ಬೇಡವೆಂದಾಗಲಿ ಕಣ್ಣಿಗೆ ಕಾಲು ಬೇಡವೆಂದಾಗಲಿ ಅಪೊಸ್ತಲನು ನಮಗೆ ಕಲಿಸಲಿಲ್ಲ.

ಒಂದು ಸಂಗತಿಯು ಮಾತ್ರ ನಮ್ಮ ಮನಸ್ಸನ್ನು ಬಿಡದೆ ಕಾಡುವದು. ಯಾಂಗ್‌ಚೆಂಗಿನಲ್ಲಿ ಲಾಸನ್ ಅಮ್ಮನವರು ಇಲ್ಲದಿದ್ದರೆ ಗ್ಲಾಡಿಸಳ ಧೈರ್ಯವೆಲ್ಲಾ ಎಲ್ಲಿ ಸೇರುತ್ತಿತ್ತು? ತಪ್ಪಿದವಳೆಂದು ಎಣಿಸದೆ, ಮಿಶನ್ ತಳ್ಳಿದವಳನ್ನು ತನ್ನ ಸಂಗಡ ಕೆಲಸಕ್ಕೆ ಸೇರಿಸಿಕೊಂಡ ಒಬ್ಬ ಮುದುಕಿ ಆಕೆಗೆ ದೊರೆತಳು. ಈ ವರುಷ ತಪ್ಪಿದ ನಮ್ಮ ಹುಡುಗರಲ್ಲಿ ಒಬ್ಬನನ್ನು ಹಾಗೆ ತನ್ನ ಮಗ್ಗದ ಬಳಿಗೆ, ತನ್ನ ತೋಟಕ್ಕೆ, ತನ್ನ ಉಳಿ ಸುತ್ತಿಗೆಗಳ ಹತ್ತಿರಕ್ಕೆ ಕರೆಯುವ ಹಿರಿಯರು ನಮ್ಮ ಒಂದೊಂದು ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆ?